ಪಟಾಕಿ ಬೇಡ, ದಿಗಿಲು ಬೇಕು: ನಿಜಕ್ಕೂ ಹೆದರಿಸುವ ಗೇಮ್ ಮಾಡುವ ಬಗೆ

ಎರಡು ವರ್ಷದ ಹಿಂದೆ ನನ್ನ ಮೊದಲ ಹಾರರ್ ಗೇಮ್ ಮಾಡಿದೆ. ಹತ್ತು ನಿಮಿಷದ ಆಟ. ಅದರಲ್ಲಿ ಹದಿನಾಲ್ಕು ಕಡೆ ದೆವ್ವ ಮುಖದ ಮುಂದೆ ಬಂದು ಕಿರುಚುತ್ತಿತ್ತು. ಚಿಕ್ಕಮ್ಮನ ಮಗಳನ್ನು ಹೆಡ್‌ಫೋನ್ ಹಾಕಿ ಕೂರಿಸಿದೆ. ಮೊದಲ ಸಲ ಕುರ್ಚಿಯಿಂದ ಹಾರಿದಳು. ಎರಡನೇ ಸಲ ಬೆಚ್ಚಿದಳು. ಐದನೇ ಸಲ ನಕ್ಕಳು. ಎಂಟನೇ ಸಲಕ್ಕೆ ಹೆಡ್‌ಫೋನ್ ತೆಗೆದು, "ಅಣ್ಣಾ, ಇದು ಗೇಮಾ ಇಲ್ಲ ಪಟಾಕಿ ಅಂಗಡಿನಾ?" ಅಂತ ಕೇಳಿದಳು.

ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಸರಿ.

ನಮ್ಮ ಮಾತಿನಲ್ಲೇ ಇದಕ್ಕೆ ಬೇರೆ ಬೇರೆ ಪದಗಳಿವೆ ನೋಡಿ. ಹಿಂದಿನಿಂದ ಬಂದು ಯಾರಾದರೂ 'ಭೋ' ಅಂದರೆ ಬೆಚ್ಚಿ ಬೀಳುತ್ತೇವೆ. ಹಾವು ಕಂಡರೆ ಹೆದರುತ್ತೇವೆ. ರಾತ್ರಿ ಹಿತ್ತಲಿಗೆ ಹೋಗಲೇಬೇಕು, ಲೈಟಿಲ್ಲ, ಬಾಳೆಗಿಡದ ಹತ್ತಿರ ಏನೋ ಸರಕ್ ಅಂತು ಅಂದಾಗ ಆಗುವುದು ದಿಗಿಲು. ಬೆಚ್ಚಿದ್ದು ಎರಡು ಸೆಕೆಂಡಿನಲ್ಲಿ ಇಳಿಯುತ್ತದೆ. ಹಾವು ಹೋದ ಮೇಲೆ ಹೆದರಿಕೆಯೂ ಹೋಗುತ್ತದೆ. ದಿಗಿಲು ಮಾತ್ರ ಏನೂ ನಡೆಯದೇ ಇದ್ದಷ್ಟೂ ಬೆಳೆಯುತ್ತದೆ. ನಾವು ಕಲಿಯಬೇಕಾದದ್ದು ಅದನ್ನು ಬೆಳೆಸುವುದನ್ನು.

ಆ ಗೇಮನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕಟ್ಟುವಾಗ ಕಲಿತದ್ದು, ದೊಡ್ಡ ಗೇಮುಗಳಿಂದ ಕದ್ದದ್ದು ಎರಡನ್ನೂ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಬಳಸುವುದು ಗೊಡೋ ಎಂಜಿನ್, ಅಂದರೆ ಗೇಮ್ ಕಟ್ಟುವ ಒಂದು ಸಾಫ್ಟ್‌ವೇರ್. (ನನ್ನ ಗೆಳೆಯರೆಲ್ಲ ಗೊಡಾಟ್ ಅಂತಲೇ ಕರೆಯುತ್ತಾರೆ. ನೀವೂ ಹಾಗೇ ಕರೆಯಿರಿ, ಯಾರೂ ಬೈಯುವುದಿಲ್ಲ.) ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೀವು ಯೂನಿಟಿಯಲ್ಲೋ ಅನ್‌ರಿಯಲ್‌ನಲ್ಲೋ ಕೆಲಸ ಮಾಡುವವರಾದರೆ ಹೆಸರುಗಳು ಬದಲಾಗುತ್ತವೆ, ಲೆಕ್ಕ ಅದೇ. ಇನ್ನೊಂದು ಬೇಕಾದ ಸಾಮಾನು ಮೊಬೈಲ್ ಫೋನು, ಶಬ್ದ ರೆಕಾರ್ಡ್ ಮಾಡಿಕೊಳ್ಳಲು.

ಹೆಜ್ಜೆ 1: ದೆವ್ವಕ್ಕಿಂತ ಮೊದಲು ಒಂದು ಕೆಲಸ

ಎಲ್ಲರೂ ದೆವ್ವದಿಂದಲೇ ಶುರು ಮಾಡುತ್ತಾರೆ. ಮುಖ ಹೇಗಿರಬೇಕು, ಕೂದಲು ಎಷ್ಟುದ್ದ, ಪಾದ ಹಿಂದುಮುಂದು ಇರಬೇಕಾ ಅಂತ. ಅದನ್ನು ಪಕ್ಕಕ್ಕಿಡಿ. ಮೊದಲು ಒಂದು ಕಾಗದದ ಮೇಲೆ ಬರೆಯಿರಿ: ಆಡುವವರು ಯಾವ ಕೆಲಸಕ್ಕೆ ಹೊರಟಿದ್ದಾರೆ?

ಸಿನಿಮಾದಲ್ಲಿ ನಾಯಕಿ ಕತ್ತಲೆ ಕೋಣೆಗೆ ಹೋಗುವಾಗ ನಾವು ಕಣ್ಣು ಮುಚ್ಚಿಕೊಳ್ಳಬಹುದು. ಅವಳು ಹೇಗೂ ಹೋಗುತ್ತಾಳೆ. ಗೇಮಿನಲ್ಲಿ ಹಾಗಲ್ಲ. ನೀವು ಕೀ ಒತ್ತದಿದ್ದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಕತ್ತಲೆಯೊಳಗೆ ಕಳಿಸುವುದು ನಿಮ್ಮದೇ ಬೆರಳು. ಅದಕ್ಕೇ ಹೋಗುವ ಕಾರಣ ಗಟ್ಟಿಯಾಗಿರಬೇಕು, ಹೋಗುವ ಜಾಗ ಮನಸ್ಸು ಒಪ್ಪದಂಥದ್ದಾಗಿರಬೇಕು. ಎರಡರ ನಡುವೆ ಸಿಕ್ಕಿಕೊಂಡ ಬೆರಳಿದೆಯಲ್ಲ, ನಿಮ್ಮ ಗೇಮು ಇರುವುದು ಅಲ್ಲಿ.

ನನ್ನ ಗೇಮಿನಲ್ಲಿ ಮಲೆನಾಡಿನ ಒಂದು ಹಳೇ ಮನೆ. ಮಳೆಗಾಲ. ಕರೆಂಟು ಹೋಗಿದೆ. ಒಳಕೋಣೆಯಲ್ಲಿ ಮಲಗಿರುವ ಅಜ್ಜಿಗೆ ಕತ್ತಲೆಯಾದರೆ ಆಗುವುದಿಲ್ಲ. ಸೀಮೆಎಣ್ಣೆ ಹಿತ್ತಲ ಕೊಟ್ಟಿಗೆಯಲ್ಲಿದೆ, ಲಾಟೀನು ಅಟ್ಟದ ಮೇಲಿದೆ. ನಿಮ್ಮ ಕೈಯಲ್ಲಿ ಟಾರ್ಚಿದೆ. ಅಷ್ಟೇ ಕತೆ. ನೂರು ವರ್ಷದ ಶಾಪ, ಅತೃಪ್ತ ಆತ್ಮ ಅಂತೆಲ್ಲ ಬೇಡ. ಎರಡು ನಿಮಿಷಕ್ಕೊಮ್ಮೆ ಅಜ್ಜಿ, "ಲಾಟೀನು ಸಿಕ್ತಾ ಮಗಾ?" ಅಂತ ಒಳಕೋಣೆಯಿಂದ ಕೂಗುತ್ತಾಳೆ. ನಾಲ್ಕನೇ ಸಲ ಅದೇ ಕೂಗು ಅಟ್ಟದ ಕಡೆಯಿಂದ ಬರುತ್ತದೆ.

ಹೆಜ್ಜೆ 2: ಮನೆಯ ಪರಿಚಯ ಮಾಡಿಸಿ

ಗೊತ್ತಿಲ್ಲದ ಜಾಗದಲ್ಲಿ ಎಲ್ಲವೂ ಹೊಸದು. ಯಾವುದು ಸರಿಯಿಲ್ಲ ಅಂತ ಗೊತ್ತಾಗುವುದು ಗೊತ್ತಿರುವ ಜಾಗದಲ್ಲಿ. ಹಾಗಾಗಿ ಮೊದಲ ಒಂದೂವರೆ ನಿಮಿಷ ಏನೂ ಮಾಡಬೇಡಿ. ಆಡುವವರು ಮನೆಯಲ್ಲಿ ಸುಮ್ನೆ ಓಡಾಡಲಿ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು. ಕ್ಯಾಲೆಂಡರ್ ಎಲ್ಲಿದೆ, ಕುರ್ಚಿ ಎಲ್ಲಿದೆ ಅಂತ ಕಣ್ಣಿಗೆ ರೂಢಿಯಾಗಲಿ.

ಈ ವಿದ್ಯೆಯ ದೊಡ್ಡ ಪಾಠ 2014ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಉಚಿತವಾಗಿ ಬಂದ ಪಿ.ಟಿ. ಇಡೀ ಆಟ ಒಂದು ಮನೆಯ ಕಾರಿಡಾರು. ಮೂಲೆಯಲ್ಲಿ ತಿರುಗಿ ಕೊನೆಯ ಬಾಗಿಲು ದಾಟಿದರೆ ಮತ್ತೆ ಅದೇ ಕಾರಿಡಾರಿನ ಶುರು. ಮತ್ತೆ ನಡೆಯಿರಿ, ಮತ್ತೆ ಅದೇ. ಆದರೆ ಪ್ರತಿ ಸುತ್ತಿನಲ್ಲಿ ಏನೋ ಒಂದು ಬದಲಾಗಿರುತ್ತದೆ. ಮುಚ್ಚಿದ್ದ ಬಾಗಿಲು ಒಂದು ಗೇಣು ತೆರೆದಿರುತ್ತದೆ, ಒಂದು ದೀಪ ತೂಗುತ್ತಿರುತ್ತದೆ. ಕಟ್ಟಿದ್ದು ಒಂದೇ ಮನೆ, ಬಳಸಿದ್ದು ಹತ್ತಾರು ಸಲ. ಒಬ್ಬರೇ ಗೇಮ್ ಮಾಡುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಸಿಗುವುದಿಲ್ಲ. 2015ರಲ್ಲಿ ಅದನ್ನು ಪ್ಲೇಸ್ಟೇಷನ್ನಿನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿದರು, ಆಗಲೇ ಇಳಿಸಿಕೊಂಡವರನ್ನು ಬಿಟ್ಟರೆ ಉಳಿದವರು ವಿಡಿಯೊಗಳಲ್ಲಷ್ಟೇ ನೋಡಬಹುದು. ವಿಡಿಯೊ ನೋಡುವಾಗಲೂ ಮೂಲೆ ಹತ್ತಿರ ಬಂದಾಗ ನಿಮ್ಮ ಕುತ್ತಿಗೆ ಏನು ಮಾಡುತ್ತದೆ ಅಂತ ಗಮನಿಸಿ.

ಬದಲಾವಣೆ ಸಣ್ಣದಿರಬೇಕು. ನಾನು ಮೊದಲು ಗೋಡೆ ತುಂಬಾ ರಕ್ತ ಬಳಿದಿದ್ದೆ. ಅದನ್ನು ತೆಗೆದು, ಅಡುಗೆಮನೆಯಲ್ಲಿದ್ದ ಮಣೆಯನ್ನು ನಡುಮನೆಯ ಮಧ್ಯದಲ್ಲಿ ಇಟ್ಟೆ. ಊಟಕ್ಕೆ ಕೂರಲು ಹಾಕಿದ ಹಾಗೆ. ಆಡಿದ ಆರು ಜನರಲ್ಲಿ ನಾಲ್ಕು ಜನ ಅದರ ಮುಂದೆ ನಿಂತರು. ಇನ್ನಿಬ್ಬರು ನೋಡಲೇ ಇಲ್ಲ. ಪರವಾಗಿಲ್ಲ, ಎಲ್ಲರಿಗೂ ಎಲ್ಲವೂ ಕಾಣಬೇಕಿಲ್ಲ.

ಹೆಜ್ಜೆ 3: ಕಾಲು ನಿಧಾನ, ಬೆಳಕು ಕಮ್ಮಿ

ಗೊಡೋದಲ್ಲಿ ಆಟಗಾರನ ಓಡಾಟಕ್ಕೆ ಒಂದು ಸಿದ್ಧ ಕೋಡು (ಸ್ಕ್ರಿಪ್ಟ್) ಸಿಗುತ್ತದೆ. ಅದರಲ್ಲಿ ವೇಗ 5.0 ಅಂತಿರುತ್ತದೆ. ಅಂದರೆ ಸೆಕೆಂಡಿಗೆ 5 ಮೀಟರ್, ಗಂಟೆಗೆ 18 ಕಿ.ಮೀ. ಅದು ಓಟ! ನನ್ನ ಮೊದಲ ಗೇಮಿನಲ್ಲಿ ಎಲ್ಲರೂ ಕತ್ತಲೆ ಮನೆಯಲ್ಲಿ ಬಸ್ಸು ಹಿಡಿಯುವವರ ಹಾಗೆ ಓಡುತ್ತಿದ್ದರು. ಮನುಷ್ಯರು ನಡೆಯುವುದು ಸೆಕೆಂಡಿಗೆ ಸುಮಾರು 1.4 ಮೀಟರ್. ಅಷ್ಟೇ ಇಟ್ಟರೆ ಆಟದಲ್ಲಿ ತೀರಾ ಬೋರಾಗುತ್ತದೆ. ನಾನು 1.8ಕ್ಕೆ ನಿಲ್ಲಿಸಿದೆ. ಓಡುವ ಕೀ ಕೊಡಿ, ಆದರೆ ಓಡಿದರೆ ಹೆಜ್ಜೆ ಸದ್ದು ಜೋರಾಗಲಿ. ಓಡಬಹುದು ಅನ್ನುವುದು ಗೊತ್ತಿದ್ದೂ ಓಡದೇ ಇರುವುದರಲ್ಲಿ ಒಂದು ಹಿಂಸೆಯಿದೆ.

ಟಾರ್ಚಿಗೆ ಗೊಡೋದ ದೀಪ, ಸ್ಪಾಟ್‌ಲೈಟ್3ಡಿ ಹಾಕಿ. ಅದರ ಕೋನ ಮೊದಲೇ 45 ಡಿಗ್ರಿ ಇರುತ್ತದೆ, ಅಂದರೆ ಅಂಚಿನಿಂದ ಅಂಚಿಗೆ 90. ಕೋಣೆಯೆಲ್ಲ ಕಾಣುತ್ತದೆ. 22ಕ್ಕೆ ಇಳಿಸಿ. ಬೆಳಕು ಮುಟ್ಟುವ ದೂರ 7 ಮೀಟರ್ ಸಾಕು. ಈಗ ಒಂದು ಗೋಡೆ ನೋಡಿದರೆ ಇನ್ನೊಂದು ಗೋಡೆ ಕಾಣುವುದಿಲ್ಲ. ಕತ್ತಲೆಯನ್ನು ಇಡೀ ಪರದೆಗೆ ಬಳಿಯುವುದಕ್ಕಿಂತ ಹೀಗೆ ಕಣ್ಣಿನ ಅಂಚಿಗೆ ತಳ್ಳುವುದು ಒಳ್ಳೆಯದು. ಪೂರ್ತಿ ಕತ್ತಲೆಯಾದರೆ ಜನ ಮಾನಿಟರಿನ ಬ್ರೈಟ್‌ನೆಸ್ ಏರಿಸಿಬಿಡುತ್ತಾರೆ. ನಿಮ್ಮ ಮೂರು ವಾರದ ಕೆಲಸ ಒಂದು ಬಟನ್ನಿಗೆ ಹೋಯಿತು. ಅದಕ್ಕೆ ಶುರುವಿನಲ್ಲೇ ಒಂದು ಪರದೆ ಇಟ್ಟು, 'ಎಡಗಡೆಯ ಚಿತ್ರ ಕಾಣಿಸಬಾರದು, ಬಲಗಡೆಯದು ಮಸುಕಾಗಿ ಕಾಣಬೇಕು' ಅಂತ ಅವರ ಕೈಯಲ್ಲೇ ಹೊಂದಿಸಿ.

ಮಂಜೂ ಅಷ್ಟೇ ಉಪಯೋಗ. 1999ರಲ್ಲಿ ಕೊನಾಮಿಯ ಸೈಲೆಂಟ್ ಹಿಲ್ ಬಂದಾಗ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಮೊದಲ ಪ್ಲೇಸ್ಟೇಷನ್ನಿಗೆ ಅಷ್ಟು ದೂರದ ಬೀದಿ, ಕಟ್ಟಡ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ತಾಕತ್ತಿರಲಿಲ್ಲ. ಅದನ್ನು ಮುಚ್ಚಲು ಮಂಜು ತಂದರು. ಯಂತ್ರದ ಬಡತನವೇ ಆ ಊರಿನ ಗುರುತಾಯಿತು. ನಿಮ್ಮ ಲ್ಯಾಪ್‌ಟಾಪ್ ಹಳೆಯದು ಅಂತ ಕೊರಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಮಂಜಿಗೆ ಬೇರೆ ಕಾರಣ ಹೇಳಬೇಕಾಗಿಯೂ ಇಲ್ಲ.

ಹೆಜ್ಜೆ 4: ಕಿವಿಗೆ ಜಾಸ್ತಿ ಸಮಯ ಕೊಡಿ

ನಿಮ್ಮ ಹತ್ತಿರ ಗೇಮಿಗೆ ಇಪ್ಪತ್ತು ದಿನ ಇದ್ದರೆ ಎಂಟು ದಿನ ಶಬ್ದಕ್ಕೆ ಇಡಿ. ಇದು ಉತ್ಪ್ರೇಕ್ಷೆ ಅಲ್ಲ. ಕಣ್ಣು ಮುಚ್ಚಬಹುದು, ಕಿವಿ ಮುಚ್ಚಲು ರೆಪ್ಪೆಯಿಲ್ಲ. ಅದೂ ಅಲ್ಲದೆ ಟಾರ್ಚು ಮುಂದೆ ಮಾತ್ರ ನೋಡುತ್ತದೆ, ಕಿವಿ ಹಿಂದೆಯೂ ಕೇಳುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ ಹಾರರ್ ಸೌಂಡ್ ಪ್ಯಾಕುಗಳನ್ನು ನಾನೂ ಮೊದಲು ಹಾಕಿದ್ದೆ. ಅದೇ ಪಿಟೀಲಿನ ಕಿರ್ರ್, ಅದೇ ಹೆಂಗಸಿನ ನಗು. ಎಲ್ಲರೂ ಎಲ್ಲೋ ಕೇಳಿದ್ದೇ. ಎರಡನೇ ಸಲ ಫೋನು ಹಿಡಿದು ಊರ ಮನೆಗೆ ಹೋದೆ. ಹಂಡೆಯ ಮುಚ್ಚಳ ಎಳೆದದ್ದು, ಬಾಗಿಲ ಚಿಲಕ, ಕಬ್ಬಿಣದ ಟ್ರಂಕು, ಅಟ್ಟದ ಹಲಗೆಯ ಮೇಲೆ ಬರಿಗಾಲಿನ ಹೆಜ್ಜೆ, ಹೆಂಚಿನ ಮೇಲೆ ಮಳೆ, ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಎಲ್ಲ ರೆಕಾರ್ಡ್ ಮಾಡಿಕೊಂಡೆ. ಒಟ್ಟು ನಲವತ್ತು ಫೈಲು, ಒಂದು ಮಧ್ಯಾಹ್ನದ ಕೆಲಸ. ದೊಡ್ಡಮ್ಮ ಮಾತ್ರ, "ಇವನಿಗೇನಾಗಿದೆ, ಹಂಡೆ ಜೊತೆ ಮಾತಾಡ್ತಾನೆ" ಅಂದರು.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿ, ಹನ್ನೊಂದು ಮೀಟರ್. ಅದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ.

ಮೊದಲು ಜೀರುಂಡೆ ಸದ್ದು. ಆಟದ ಶುರುವಿನಿಂದಲೇ ಹಿನ್ನೆಲೆಯಲ್ಲಿ ಓಡುತ್ತಿರಲಿ. ಒಂದು ನಿಮಿಷದ ಮೇಲೆ ಯಾರಿಗೂ ಅದು ಕೇಳುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಓಣಿಯ ಮೂರನೇ ಮೀಟರಿನಲ್ಲಿ ಒಂದು ಏರಿಯಾ3ಡಿ ಇಡಿ, ಅಂದರೆ ಯಾರಾದರೂ ಒಳಗೆ ಬಂದರೆ ಗುರುತಿಸುವ, ಕಣ್ಣಿಗೆ ಕಾಣದ ಪೆಟ್ಟಿಗೆ. ಆಡುವವರು ಅದನ್ನು ದಾಟಿದ ಕ್ಷಣ ಜೀರುಂಡೆ ನಿಲ್ಲಲಿ. ನಿಧಾನಕ್ಕೆ ಇಳಿಸಬೇಡಿ. ಟಪ್ ಅಂತ ನಿಲ್ಲಬೇಕು. ಕಾಡಿನ ಪಕ್ಕ ಬೆಳೆದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಪೇಟೆಯವರಿಗೂ ಏನೋ ಆಯಿತು ಅಂತ ಅನ್ನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಈಗ ನಲ್ಲಿಯ ಹನಿ ಕೇಳತೊಡಗುತ್ತದೆ. ಇದನ್ನು ಆಡಿಯೊಸ್ಟ್ರೀಮ್‌ಪ್ಲೇಯರ್3ಡಿ ಆಗಿ ಬಚ್ಚಲಲ್ಲೇ ಇಡಿ. ಆಗ ಹತ್ತಿರ ಹೋದಷ್ಟೂ ಜೋರಾಗುತ್ತದೆ, ತಲೆ ತಿರುಗಿಸಿದರೆ ಕಿವಿ ಬದಲಾಗುತ್ತದೆ. ಆರನೇ ಮೀಟರಿನಲ್ಲಿ ಹನಿ ನಿಲ್ಲಲಿ. ನಲ್ಲಿಯನ್ನು ಯಾರೋ ತಿರುಗಿಸಿದ ಹಾಗೆ ಸಣ್ಣ ಕಿರ್ ಸದ್ದು ಬಂದು ನಿಲ್ಲಲಿ.

ನನ್ನ ಅಳತೆಗೋಲು ಈ ಜಾಗ. ಇಲ್ಲಿ ಜನ ಕೀಯಿಂದ ಕೈ ತೆಗೆಯುತ್ತಾರೆ.

ಕೈ ತೆಗೆದಾಗ ಒಂದೇ ಒಂದು ಚೇಷ್ಟೆ ಮಾಡಿ. ಆಡುವವರು ನಿಂತ ಮೇಲೆ, ಅರ್ಧ ಸೆಕೆಂಡು ಬಿಟ್ಟು, ಇನ್ನೊಂದು ಹೆಜ್ಜೆ ಸದ್ದು. ಇಡೀ ಆಟದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬೇಡ. ಎರಡು ಸಲ ಆದರೆ, "ನನಗೇ ಹಾಗೆ ಕೇಳಿಸ್ತಾ?" ಅಂತಾರೆ. ಐದು ಸಲ ಆದರೆ, "ಓ, ಇದೊಂದು ಟ್ರಿಕ್ಕು" ಅಂತಾರೆ.

ಹೆಜ್ಜೆ ಸದ್ದಿಗೆ ಒಂದೇ ಫೈಲು ಹಾಕಬೇಡಿ, ಮಷೀನಿನ ಹಾಗೆ ಕೇಳುತ್ತದೆ. ಐದಾರು ಬೇರೆ ಬೇರೆ ಹೆಜ್ಜೆ ರೆಕಾರ್ಡ್ ಮಾಡಿ ಆಡಿಯೊಸ್ಟ್ರೀಮ್‌ರ‍್ಯಾಂಡಮೈಸರಿಗೆ ಕೊಟ್ಟರೆ ಅದೇ ಕಲಸಿ ನುಡಿಸುತ್ತದೆ.

ಶಬ್ದಕ್ಕೆ ಅರ್ಥ ಕಲಿಸುವ ಇನ್ನೊಂದು ದಾರಿಯೂ ಇದೆ. ಸೈಲೆಂಟ್ ಹಿಲ್‌ನಲ್ಲಿ ಕಿಸೆಯ ರೇಡಿಯೊ ಗರಗರ ಅಂದರೆ ಹತ್ತಿರದಲ್ಲಿ ಏನೋ ಇದೆ ಅಂತ ಲೆಕ್ಕ. ಎಚ್ಚರಿಕೆ ಕೊಟ್ಟರೆ ಹೆದರಿಕೆ ಕಮ್ಮಿಯಾಗಬೇಕಲ್ವಾ? ಉಲ್ಟಾ. ಇದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. 2019ರಲ್ಲಿ ಹೊಸದಾಗಿ ಬಂದ ರೆಸಿಡೆಂಟ್ ಈವಿಲ್ 2ರಲ್ಲಿ ಬೆನ್ನಟ್ಟುವ ದೈತ್ಯನ ಬೂಟಿನ ಸದ್ದು ಗೋಡೆಯಾಚೆಯಿಂದ, ಮೇಲಿನ ಮಹಡಿಯಿಂದ ಕೇಳುತ್ತಲೇ ಇರುತ್ತದೆ. ಅವನು ಎದುರಿಗೆ ಬಂದಾಗ ಓಡಿದರಾಯಿತು. ಸದ್ದು ಮಾತ್ರ ಬರುತ್ತಿರುವಾಗ ಏನು ಮಾಡುವುದು ಅಂತ ತೋಚುವುದಿಲ್ಲ.

ಹೆಜ್ಜೆ 5: ಬಾಗಿಲನ್ನು ಅವರ ಕೈಯಲ್ಲೇ ತೆರೆಸಿ

ಬಾಗಿಲಿಗೆ ಗೌರವ ಕೊಡಿ. ಒಂದು ಕೀ ಒತ್ತಿದರೆ ಫಟ್ ಅಂತ ತೆರೆಯುವ ಬಾಗಿಲು ಬಾಗಿಲೇ ಅಲ್ಲ.

1996ರ ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಪ್ರತಿ ಸಲ ಬಾಗಿಲು ದಾಟುವಾಗ ಪರದೆ ಕಪ್ಪಾಗಿ, ಬಾಗಿಲು ಮಾತ್ರ ನಿಧಾನಕ್ಕೆ ತೆರೆದುಕೊಳ್ಳುತ್ತಿತ್ತು. ಸಿ.ಡಿ.ಯಿಂದ ಮುಂದಿನ ಕೋಣೆ ಲೋಡ್ ಆಗಲು ಬೇಕಾದ ಹೊತ್ತನ್ನು ಮುಚ್ಚುವ ಉಪಾಯ ಅದು. ಆ ಕೆಲವು ಸೆಕೆಂಡು ಆಡುವವರ ತಲೆ ಮುಂದಿನ ಕೋಣೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. 2010ರಲ್ಲಿ ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಮಾಡಿದ ಆ್ಯಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬಾಗಿಲನ್ನು ಮೌಸಿನಲ್ಲಿ ಹಿಡಿದು ಎಳೆಯಬೇಕು. ಎರಡಿಂಚು ತೆರೆದು ಇಣುಕಬಹುದು. ಬೆನ್ನ ಹಿಂದೆ ಏನೋ ಬರುತ್ತಿರುವಾಗ ಗಾಬರಿಯಲ್ಲಿ ಉಲ್ಟಾ ಎಳೆದು ಒದ್ದಾಡಬಹುದು. ಎಷ್ಟು ತೆರೆಯಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ, ತಪ್ಪೂ ನಿಮ್ಮದೇ. ನಾನು ಇದನ್ನು ಹಾಗೇ ಕದ್ದಿದ್ದೇನೆ. ಮೌಸ್ ಎಷ್ಟು ಸರಿದಿದೆ ಅಂತ ನೋಡಿ ಬಾಗಿಲ ಕೋನ ಬದಲಿಸಿದರೆ ಆಯಿತು, ದೊಡ್ಡ ಕೋಡೇನಲ್ಲ.

ಬಾಗಿಲ ವಿಷಯ ಬಂತು ಅಂದ ಮೇಲೆ 'ನಾಳೆ ಬಾ' ನೆನಪಾಗದೆ ಇರುತ್ತದಾ? ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಬಾಗಿಲ ಮೇಲೆ, ಗೋಡೆ ಮೇಲೆ ಜನ ಬರೆದಿಟ್ಟಿದ್ದ ಎರಡು ಪದ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಬರಹ ಓದಿದರೆ ವಾಪಸ್ಸು ಹೋಗುತ್ತದೆ, ನಾಳೆ ಬಂದು ಮತ್ತೆ ಓದುತ್ತದೆ. ಈ ಕತೆಯನ್ನು ಗೇಮ್ ಮಾಡುವವರ ಕಣ್ಣಿನಿಂದ ನೋಡಿ. ದೆವ್ವ ಹೇಗಿದೆ ಅಂತ ಎಲ್ಲೂ ಹೇಳಿಲ್ಲ. ಅದು ಒಳಗೆ ಬರಬೇಕಾದರೆ ನೀವೇ ಚಿಲಕ ತೆಗೆಯಬೇಕು. ದನಿ ಅಮ್ಮನದ್ದು, ಹಾಗಾಗಿ ತೆಗೆಯದೇ ಇರುವುದೂ ಕಷ್ಟ. ನಿಜಕ್ಕೂ ಅಮ್ಮನೇ ಆಗಿದ್ದರೆ? ಇಷ್ಟು ಚಂದದ ನಿಯಮ ಬರೆಯಲು ನನಗೆ ಇವತ್ತಿಗೂ ಬಂದಿಲ್ಲ.

ನನ್ನ ಗೇಮಿನ ಏಳನೇ ನಿಮಿಷದಲ್ಲಿ ಅಜ್ಜಿ ಹೊರಗಿನಿಂದ ಬಾಗಿಲು ಬಡಿಯುವುದು ಈ ಕತೆಯ ಸಾಲ.

ಹೆಜ್ಜೆ 6: ಈಗ ದೆವ್ವ

ಒಂದೇ ಸಾಕು. ಮಾದರಿ ಬಿಡಿಸಲು ಬರುವುದಿಲ್ಲ ಅಂತ ಕೂರಬೇಡಿ. ಆ್ಯಮ್ನೀಸಿಯಾದಲ್ಲಿ ನೀರು ತುಂಬಿದ ನೆಲಮಾಳಿಗೆಯಲ್ಲಿ ಒಂದು ಪ್ರಾಣಿ ಅಟ್ಟಿಸಿಕೊಂಡು ಬರುತ್ತದೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ನೀರಿನಲ್ಲಿ ಪಚಕ್ ಪಚಕ್ ಅಂತ ಹೆಜ್ಜೆ ಏಳುವುದು ಮಾತ್ರ ಕಾಣುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರಿ ತಪ್ಪಿಸಿಕೊಳ್ಳಬೇಕು. ಆ ಆಟದಲ್ಲಿ ಜನ ಇವತ್ತಿಗೂ ನೆನಪಿಸಿಕೊಳ್ಳುವ ದೃಶ್ಯಗಳಲ್ಲಿ ಅದೊಂದು.

ಕಾಣುವ ದೆವ್ವ ಬೇಕೇ ಬೇಕು ಅಂದರೆ ನೋಡುವುದಕ್ಕೆ ಬೆಲೆ ಇಡಿ. ಆ್ಯಮ್ನೀಸಿಯಾದಲ್ಲಿ ರಾಕ್ಷಸನನ್ನು ದಿಟ್ಟಿಸಿ ನೋಡಿದರೆ ಬುದ್ಧಿ ಕೆಡುತ್ತದೆ, ಪರದೆ ತಿರುಚಿಕೊಳ್ಳುತ್ತದೆ. ಹಾಗಾಗಿ ಆಡುವವರು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಅದು ಹೇಗಿದೆ ಅಂತ ಸರಿಯಾಗಿ ನೋಡುವುದೇ ಇಲ್ಲ. 2001ರ ಜಪಾನಿ ಗೇಮ್ ಫೇಟಲ್ ಫ್ರೇಮ್ ಪೂರ್ತಿ ತಿರುವುಮುರುವು. ಅಲ್ಲಿರುವ ಆಯುಧ ಒಂದು ಕ್ಯಾಮೆರಾ. ದೆವ್ವ ಹತ್ತಿರ ಬಂದಷ್ಟೂ ಫೋಟೊದ ಏಟು ಜೋರು. ಅಂದರೆ ಕಣ್ಣು ಮುಚ್ಚಬೇಕು ಅನ್ನಿಸುವ ಹೊತ್ತಿನಲ್ಲೇ ಕಣ್ಣು ಬಿಟ್ಟು ಕಾಯಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಎರಡೂ ಬೇಡ.

ಅದರ ಬುದ್ಧಿ ಹೇಗಿರಬೇಕು? ಗೊತ್ತಾದ ದಾರಿಯಲ್ಲಿ ಹೋಗಿ ಬರುವ ದೆವ್ವ ಮೂರು ಸುತ್ತಿನಲ್ಲಿ ವಾಚ್‌ಮನ್ ಆಗುತ್ತದೆ. ಯಾವಾಗಲೂ ನೀವಿರುವ ಕಡೆಗೇ ಬರುವ ದೆವ್ವ ಮೋಸ ಅನ್ನಿಸುತ್ತದೆ. ಇದನ್ನು ಚೆನ್ನಾಗಿ ಬಿಡಿಸಿದ್ದು 2014ರ ಏಲಿಯನ್: ಐಸೊಲೇಷನ್. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರು ಎರಡು ಮಿದುಳು ಮಾಡಿದರು. ಒಂದು ಮೇಲೆ ಕೂತ ನಿರ್ದೇಶಕ. ಅದಕ್ಕೆ ನೀವೆಲ್ಲಿದ್ದೀರಿ ಅಂತ ಸದಾ ಗೊತ್ತು. ಇನ್ನೊಂದು ನಿಮ್ಮನ್ನು ಬೇಟೆಯಾಡುವ ಏಲಿಯನ್ನಿನದ್ದು. ಅದಕ್ಕೆ ಕಣ್ಣು ಕಿವಿಗೆ ಬಿದ್ದದ್ದು ಮಾತ್ರ ಗೊತ್ತು. ನಿರ್ದೇಶಕ 'ಆ ಕಡೆ ಹೋಗಿ ನೋಡು' ಅಂತ ಸುಳಿವು ಕೊಡುತ್ತದೆ, ಹುಡುಕುವ ಕೆಲಸ ಏಲಿಯನ್ನಿನದೇ. ಬಹಳ ಹೊತ್ತು ಹತ್ತಿರವೇ ಸುಳಿದಾಡಿ ನಿಮ್ಮ ಉಸಿರು ಕಟ್ಟಿತು ಅಂದರೆ ನಿರ್ದೇಶಕ ಅದನ್ನು ದೂರ ಕಳಿಸುತ್ತದೆ.

ಇದರ ಬಡವರ ಆವೃತ್ತಿ ಹೀಗೆ. 0ಯಿಂದ 100ರ ತನಕ ಒಂದು ಸಂಖ್ಯೆ ಇಡಿ, 'ಬಿಗಿ' ಅಂತ ಹೆಸರಿಡಿ. ದೆವ್ವ 10 ಮೀಟರಿನೊಳಗಿದ್ದರೆ ಸೆಕೆಂಡಿಗೆ 4 ಏರಲಿ, ಎದುರಿಗೆ ಕಂಡರೆ 10 ಏರಲಿ, ದೂರವಿದ್ದರೆ 2 ಇಳಿಯಲಿ. 100 ಮುಟ್ಟಿದರೆ ದೆವ್ವ ಮನೆಯ ಇನ್ನೊಂದು ತುದಿಗೆ ಹೋಗಲಿ. 20ಕ್ಕೆ ಇಳಿದರೆ ಆಡುವವರ ಪಕ್ಕದ ಕೋಣೆಗೆ ಬರಲಿ. ಅವರಿರುವ ಕೋಣೆಗಲ್ಲ, ಪಕ್ಕದ ಕೋಣೆಗೆ. ಈ ಒಂದು ಸಾಲಿನಿಂದ ನನ್ನ ಗೇಮು ಬದಲಾಯಿತು. ಅಂಕಿಗಳನ್ನು ನಿಮ್ಮ ಮನೆಯ ಅಳತೆಗೆ ತಕ್ಕಂತೆ ತಿದ್ದಿಕೊಳ್ಳಿ.

ಒಂದು ಪುಟ್ಟ ಸಂಗತಿ, ನನಗೆ ಬಹಳ ಇಷ್ಟವಾದದ್ದು. ಪಿ.ಟಿ. ಬಂದು ಐದು ವರ್ಷದ ಮೇಲೆ, 2019ರಲ್ಲಿ, ಒಬ್ಬ ಮಾಡರ್ (ಬೇರೆಯವರ ಗೇಮು ಬಿಚ್ಚಿ ತಿದ್ದುವವನು) ಅದರ ಕ್ಯಾಮೆರಾವನ್ನು ಆಟಗಾರನಿಂದ ಬಿಡಿಸಿ ನೋಡಿದ. ಟಾರ್ಚು ಸಿಕ್ಕ ಕ್ಷಣದಿಂದ ಆ ದೆವ್ವ ಆಡುವವರ ಬೆನ್ನಿಗೇ ಅಂಟಿಕೊಂಡು ಬರುತ್ತಿತ್ತು. ನಮ್ಮ ಹಿಂದೆ ಯಾರೋ ಇದ್ದಾರೆ ಅಂತ ಅಷ್ಟು ಜನಕ್ಕೆ ಅನ್ನಿಸಿದ್ದು ಸುಮ್ಮನೆ ಅಲ್ಲ!

ಹೆಜ್ಜೆ 7: ಕೈಗೆ ಕಮ್ಮಿ ಕೊಡಿ

ಬಂದೂಕು ಕೊಟ್ಟರೆ ಜನ ಗುರಿ ಇಡುತ್ತಾರೆ, ಹೆದರುವುದಿಲ್ಲ. ಕೊಟ್ಟರೂ ಗುಂಡು ಎಣಿಸಿ ಕೊಡಿ. ನನ್ನ ಗೇಮಿನಲ್ಲಿ ಇರುವುದು ಟಾರ್ಚ್ ಸೆಲ್ಲು ಮಾತ್ರ. ಹತ್ತು ನಿಮಿಷದ ಆಟಕ್ಕೆ ಆರು ನಿಮಿಷದ ಬೆಳಕು. ಉಳಿದ ನಾಲ್ಕು ನಿಮಿಷದ ಕತ್ತಲೆಯನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದನ್ನು ಅವರೇ ನಿರ್ಧರಿಸಲಿ.

2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ನಿಂತಿರುವುದೇ ಈ ಲೆಕ್ಕದ ಮೇಲೆ. ಸ್ಕಾಟ್ ಕಾಥನ್ ಹೆಚ್ಚೂಕಮ್ಮಿ ಒಬ್ಬರೇ ಮಾಡಿದ ಆಟ. ರಾತ್ರಿ 12ರಿಂದ ಬೆಳಗ್ಗೆ 6ರ ತನಕ ಕಾವಲು ಕೆಲಸ, ಕುರ್ಚಿಯಿಂದ ಏಳುವ ಹಾಗಿಲ್ಲ. ಕ್ಯಾಮೆರಾ ನೋಡಿದರೂ ಕರೆಂಟ್ ಖರ್ಚು, ಒಳಗೆ ನುಗ್ಗುವ ಗೊಂಬೆಗಳನ್ನು ತಡೆಯಲು ಬಾಗಿಲು ಮುಚ್ಚಿದರೂ ಖರ್ಚು. ಬೆಳಗ್ಗೆ ಐದಕ್ಕೆ ಶೇಕಡಾ 3 ಉಳಿದಾಗ ಆಡುವವರ ಮುಖ ನೋಡಬೇಕು, ತಿಂಗಳ ಕೊನೆಯಲ್ಲಿ ಎ.ಟಿ.ಎಂ. ಮುಂದೆ ನಿಂತ ಹಾಗಿರುತ್ತದೆ.

ಸೇವ್ ಮಾಡುವುದನ್ನೂ ಪುಕ್ಕಟೆ ಮಾಡಬೇಡಿ. ಏಲಿಯನ್: ಐಸೊಲೇಷನ್‌ನಲ್ಲಿ ಸೇವ್ ಮಾಡಲು ಯಂತ್ರಕ್ಕೆ ಕಾರ್ಡು ತುರುಕಿ ಮೂರು ಬೀಪ್ ಮುಗಿಯುವ ತನಕ ಕಾಯಬೇಕು. ಅಷ್ಟರಲ್ಲಿ ಬೆನ್ನಿಗೆ ಬಾಲ ಚುಚ್ಚಿಕೊಂಡಿರಬಹುದು. ಇನ್‌ವೆಂಟರಿ, ಅಂದರೆ ಹತ್ತಿರ ಇರುವ ಸಾಮಾನಿನ ಪಟ್ಟಿ, ತೆರೆದರೆ ಆಟ ನಿಲ್ಲುವುದೂ ಬೇಡ. 2008ರ ಡೆಡ್ ಸ್ಪೇಸ್‌ನಲ್ಲಿ ಅದು ಗಾಳಿಯಲ್ಲಿ ಬೆಳಕಾಗಿ ತೆರೆದುಕೊಳ್ಳುತ್ತದೆ, ಜೀವ ಎಷ್ಟಿದೆ ಅನ್ನುವುದು ನಾಯಕನ ಬೆನ್ನುಹುರಿಯ ಮೇಲಿನ ದೀಪದಲ್ಲಿರುತ್ತದೆ. ನೀವು ಔಷಧಿ ಹುಡುಕುವಾಗ ರಾಕ್ಷಸ ಕಾಯುವುದಿಲ್ಲ.

ಹೆಜ್ಜೆ 8: ಸಾಯಿಸಲು ಆತುರ ಬೇಡ

ಒಂದೇ ಜಾಗದಲ್ಲಿ ಮೂರು ಸಲ ಸತ್ತರೆ ದೆವ್ವ ಟ್ರಾಫಿಕ್ ಸಿಗ್ನಲ್ ಆಗುತ್ತದೆ. ಕಿರಿಕಿರಿ, ಅಷ್ಟೇ. ಸಾವಿನ ಬೆದರಿಕೆ ದೊಡ್ಡದಿರಲಿ, ಸಾವು ಅಪರೂಪವಿರಲಿ. 2017ರ ಹೆಲ್‌ಬ್ಲೇಡ್‌ನಲ್ಲಿ ನಾಯಕಿಯ ಕೈಯಿಂದ ಒಂದು ಕಪ್ಪು ಕೊಳೆತ ಏರುತ್ತದೆ. ಅದು ತಲೆ ಮುಟ್ಟಿದರೆ ಇದುವರೆಗೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಅಂತ ಆಟವೇ ಹೇಳುತ್ತದೆ. ನಿಜದಲ್ಲಿ ಹಾಗೆ ಸೇವ್ ಅಳಿಸುವುದೇ ಇಲ್ಲ. ಸುಳ್ಳು ಹೇಳಿದ್ದು ತಪ್ಪು ಅಂತ ಕೆಲವರು ಜಗಳ ತೆಗೆದರು. ನನಗೇನೋ ಅದು ಪಕ್ಕಾ ಅಜ್ಜಿ ಕತೆಯ ಸುಳ್ಳು ಅನ್ನಿಸಿತು.

ಹೆಜ್ಜೆ 9: ಪಟಾಕಿ, ಒಂದೇ ಒಂದು

ಬೇಡವೇ ಬೇಡ ಅಂತ ಹೇಳುವುದಿಲ್ಲ. ಬೆಚ್ಚಿ ಬಿದ್ದರೆ ಕಟ್ಟಿಕೊಂಡ ಬಿಗಿ ಸಡಿಲವಾಗುತ್ತದೆ, ಆಮೇಲೆ ಹೊಸದಾಗಿ ಕಟ್ಟಬಹುದು. ಆದರೆ ಹತ್ತು ನಿಮಿಷಕ್ಕೆ ಒಂದು ಸಾಕು. ಅದನ್ನೂ ಕಾಯುತ್ತಿರುವ ಕಡೆ ಹಚ್ಚಬೇಡಿ. ಕೊಟ್ಟಿಗೆಯ ಬಾಗಿಲು ತೆರೆಯುವಾಗ ಎಲ್ಲರೂ ಹಲ್ಲು ಕಚ್ಚಿರುತ್ತಾರೆ. ಅಲ್ಲಿ ಏನೂ ಇಲ್ಲ. ಸೀಮೆಎಣ್ಣೆ ಡಬ್ಬಿ ಎತ್ತಿಕೊಂಡು, 'ಅಬ್ಬಾ' ಅಂತ ತಿರುಗಿದಾಗಲೂ ಏನೂ ಇಲ್ಲ. ಅಡುಗೆಮನೆಗೆ ವಾಪಸ್ಸು ಬಂದು, ಮನೆ ಸೇರಿದೆ ಅಂತ ಭುಜ ಇಳಿಸಿದ ಮೇಲೆ ಒಲೆಯ ಹಿಂದಿನಿಂದ ಪಾತ್ರೆ ಬೀಳಲಿ.

ಶಬ್ದದ ಮಟ್ಟ ನೋಡಿಕೊಳ್ಳಿ. ಹೆಡ್‌ಫೋನಿನಲ್ಲಿ ಕಿವಿ ತೂತಾಗುವಷ್ಟು ಜೋರು ಮಾಡಿದರೆ ಅದು ಹೊಡೆದ ಹಾಗೆ, ಹೆದರಿಸಿದ ಹಾಗಲ್ಲ. ಮಿಣುಕುವ ದೀಪ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿಣುಕದಿರಲಿ, ಫಿಟ್ಸ್ ಬರುವವರಿಗೆ ಅಪಾಯ. ಶುರುವಿನಲ್ಲೇ ಎಚ್ಚರಿಕೆ ಹಾಕಿ.

ಹೆಜ್ಜೆ 10: ಬೇರೆಯವರನ್ನು ಕೂರಿಸಿ, ನೀವು ಬಾಯಿ ಮುಚ್ಚಿ

ನಿಮ್ಮ ಗೇಮು ನಿಮ್ಮನ್ನು ಎಂದೂ ಹೆದರಿಸುವುದಿಲ್ಲ. ಅದರ ಕರುಳು ನೋಡಿದವರು ನೀವು. ಎರಡನೇ ವಾರದಿಂದಲೇ ಬೇರೆಯವರಿಗೆ ಆಡಲು ಕೊಡಿ. ರಾತ್ರಿ ಕೊಡಿ, ಹೆಡ್‌ಫೋನ್ ಹಾಕಿ ಕೊಡಿ, ಒಬ್ಬೊಬ್ಬರಿಗೇ ಕೊಡಿ. ಗುಂಪಿನಲ್ಲಿ ಕೊಟ್ಟರೆ ತಮಾಷೆಯಾಗುತ್ತದೆ. ನೀವು ಹಿಂದೆ ಕೂತು ಪರದೆ ನೋಡಬೇಡಿ. ಕೈ ನೋಡಿ, ಭುಜ ನೋಡಿ. ಎಲ್ಲಿ ನಿಂತರು, ಎಷ್ಟು ಸೆಕೆಂಡು ನಿಂತರು ಅಂತ ಬರೆದುಕೊಳ್ಳಿ. "ಹೆದರಿಕೆ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಮರ್ಯಾದೆಗೆ ಹೂಂ ಅಂತಾರೆ. "ಮನೆಯಲ್ಲಿ ಏನೇನಿತ್ತು, ಹೇಳು" ಅಂತ ಕೇಳಿ. ನೀವು ಇಡದೇ ಇದ್ದ ವಸ್ತುವನ್ನು ಹೇಳಿದರು ಅಂದರೆ ಕೆಲಸ ಆಗಿದೆ.

ನಕ್ಕರೆ ಬೇಜಾರು ಬೇಡ. ಕೆಲವರು ಹೆದರಿದಾಗಲೇ ನಗುತ್ತಾರೆ. ನಗುವಾಗ ಕೀ ಒತ್ತುತ್ತಲೇ ಇದ್ದಾರಾ, ಕೈ ತೆಗೆದಿದ್ದಾರಾ ಅಂತ ನೋಡಿದರೆ ಯಾವ ನಗು ಅಂತ ಗೊತ್ತಾಗುತ್ತದೆ.

ಹೋದ ಮಳೆಗಾಲದಲ್ಲಿ ಅದೇ ಚಿಕ್ಕಮ್ಮನ ಮಗಳು ಮತ್ತೆ ಬಂದಿದ್ದಳು. ಹೊಸ ಆವೃತ್ತಿ ಇನ್ನೂ ಅರ್ಧ ಆಗಿತ್ತು, ಆದರೂ ಕೊಟ್ಟೆ. ಓಣಿಯಲ್ಲಿ ಜೀರುಂಡೆ ನಿಂತಾಗ ಅವಳೂ ನಿಂತಳು. ಕೊಟ್ಟಿಗೆಗೆ ಹೋಗಿ ಬಂದಳು. ಬಾಗಿಲು ಬಡಿದಾಗ ತೆರೆಯಲಿಲ್ಲ. ಕೊನೆಗೆ ಅಟ್ಟದ ಏಣಿಯ ಕೆಳಗೆ ಬಂದು ಟಾರ್ಚನ್ನು ಮೇಲಕ್ಕೆ ಹಿಡಿದಳು. ಮೇಲಿನಿಂದ, "ಸಿಕ್ತಾ ಮಗಾ?" ಅಂತ ಬಂತು. ನಲವತ್ತು ಸೆಕೆಂಡು ಹಾಗೇ ಕೂತಿದ್ದಳು. ಆಮೇಲೆ ಹೆಡ್‌ಫೋನ್ ತೆಗೆದು, "ಮೇಲೆ ಏನಿದೆ ಅಂತ ಹೇಳು, ಆಗ ಹತ್ತುತೀನಿ" ಅಂದಳು. ನಾನು ಹೇಳಲಿಲ್ಲ. "ಹಾಗಾದ್ರೆ ನಾಳೆ ಆಡ್ತೀನಿ" ಅಂತ ಎದ್ದು ಹೋದಳು.

ಅಟ್ಟದ ಮೇಲೆ ಆಗ ನಾಲ್ಕು ಬೂದು ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ಇನ್ನೂ ಮಾಡಿರಲಿಲ್ಲ.